ನದೀತೀರ ಚಾರಣಪಥ ಸಹಭಾಗಿತ್ವ, ಉತ್ತರ ಕನ್ನಡ

ನದಿಯ ದಡವನ್ನನುಸರಿಸಿ ಸಾಗುವ ಕಾಲ್ದಾರಿಯ ರಕ್ಷಣೆ, ದುರಸ್ತಿ ಹಾಗೂ ಮಾರ್ಗದರ್ಶನಗಳ ಹೊಣೆಯನ್ನು ಸರ್ಕಾರಿ ಇಲಾಖೆಗಳೂ ನಿಗಮಗಳೂ ಗ್ರಾಮಸಂಸ್ಥೆಗಳೂ ಹಂಚಿಕೊಂಡು ನಿರ್ವಹಿಸುವ ವ್ಯವಸ್ಥೆ. ಜೊಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಕಾಳಿಯ ಅರಣ್ಯಾವೃತ ತೀರವು ಜಿಲ್ಲೆಯಲ್ಲಿ ಇದರ ಮುಖ್ಯ ಕ್ಷೇತ್ರವಾಗಿದೆ.

ಬ್ರಿಟನ್ನಿನ ನೆರವಿನಿಂದ 1990ರ ದಶಕದಲ್ಲಿ ಜಿಲ್ಲೆಯಲ್ಲಿ ನಡೆದ ಪಶ್ಚಿಮಘಟ್ಟ ಅರಣ್ಯ ಯೋಜನೆಯೂ, 1993ರಲ್ಲಿ ಹೊರಟ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಸರ್ಕಾರಿ ಆದೇಶವೂ ಇಂತಹ ಸಹಕಾರಕ್ಕೆ ತಳಹದಿ ಹಾಕಿದುವು. ಗ್ರಾಮಸ್ಥರೇ ಸದಸ್ಯರಾಗಿರುವ ಗ್ರಾಮ ಅರಣ್ಯ ಸಮಿತಿಗಳು ಇದರಿಂದ ಹುಟ್ಟಿದುವು. ಭೂಮಿಯ ಒಡೆತನವೂ ಪ್ರವೇಶಾನುಮತಿಯೂ ಅರಣ್ಯ ಇಲಾಖೆಯವು. ಕುಳಗಿಯ ನಿಸರ್ಗ ಶಿಬಿರವು ಅದರದೇ. 1980ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಸಂಸ್ಥೆಯು ದಾಂಡೇಲಿಯಲ್ಲಿ ವಸತಿಯನ್ನೂ ಮಾರ್ಗದರ್ಶಕರನ್ನೂ ಒದಗಿಸುತ್ತದೆ. ರಾಜ್ಯ ಪರಿಸರ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯು ಚಾರಣಪಥಗಳ ವಿಷಯದಲ್ಲಿ ಇಲಾಖೆಗೆ ಜೊತೆಗೂಡುತ್ತದೆ.

ಕಾಳಿಯ ತೀರದಲ್ಲಿ ಈ ಸಹಕಾರವು ಅನಿವಾರ್ಯವೆನ್ನಬೇಕು. ಗಣೇಶಗುಡಿಯಲ್ಲಿ 101 ಮೀ. ಎತ್ತರದ ಸೂಪಾ ಅಣೆಕಟ್ಟಿನಿಂದ ವಿದ್ಯುದುತ್ಪಾದನೆಗಾಗಿ ಕರ್ನಾಟಕ ವಿದ್ಯುತ್ ನಿಗಮವು ಬಿಡುವ ನೀರಿನ ಪ್ರಮಾಣಕ್ಕನುಗುಣವಾಗಿ ದಾಂಡೇಲಿಯ ಬಳಿ ಪ್ರವಾಹವು ದಿನದೊಳಗೇ ಏರಿಳಿಯುವುದರಿಂದ, ಬೆಳಿಗ್ಗೆ ಒಣಗಿದ್ದ ಬಂಡೆಯು ಮಧ್ಯಾಹ್ನಕ್ಕೆ ಮುಳುಗುವುದುಂಟು. ಮೊಸಳೆಗಳ ವಾಸವೂ ಅಲ್ಲಿದೆ. ಆದಕಾರಣ ನೀರಿನ ಮುನ್ಸೂಚನೆಯೂ ಸ್ಥಳೀಯ ಮಾರ್ಗದರ್ಶಕರ ಅನುಭವವೂ ಪಥದ ಸುರಕ್ಷತೆಗೆ ಸಮಾನವಾಗಿ ಅವಶ್ಯಕ.