ಒಂಟಿಯಾಗಿ ನೋಡುವ ಭೂತದ ಚಿತ್ರ

ಖಡಕಿ ಎಂದೊಡನೆ ಇತಿಹಾಸ ಬಲ್ಲವರಿಗೆ 1817ರ ನವೆಂಬರ್ 5ರ ಕಾಳಗ ನೆನಪಾಗುತ್ತದೆ. ಪೇಶ್ವೆಯ ಸೈನ್ಯ ಇಂಗ್ಲಿಷರಿಗೆ ಸೋತದ್ದು ಇಲ್ಲಿಯೇ. ಮುಂದೆ ದಂಡು ನೆಲೆಯೂರಿತು. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಮಡಿದ 1,600ಕ್ಕೂ ಮಿಕ್ಕ ಯೋಧರ ಸಮಾಧಿಗಳೂ ಈ ಊರಲ್ಲಿವೆ. ಹೆಸರು ಕೊರೆದ ಆ ಕಲ್ಲುಗಳ ಸಾಲನ್ನು ಹಗಲಲ್ಲಿ ಕಂಡವರ ಮನಸ್ಸು ಮೆತ್ತಗಾಗುತ್ತದೆ, ಹೆದರುವುದಿಲ್ಲ. ಅದೇ ಸಮಾಧಿ ತೆರೆಯ ಮೇಲೆ ಬಂದರೆ ಮಾತ್ರ ಎದೆ ನಡುಗುತ್ತದೆ! ಭಯವು ವಸ್ತುವಿನಲ್ಲಿಲ್ಲ, ನೋಡುವ ಬಗೆಯಲ್ಲಿದೆ ಎಂದಾಯಿತು.

1972ರಲ್ಲಿ ರಾಮ್ಸೆ ಸಹೋದರರ 'ದೋ ಗಜ್ ಜಮೀನ್ ಕೆ ನೀಚೆ' ತೆರೆಕಂಡಿತು. 1979ರಲ್ಲಿ ಅನಂತನಾಗ್, ಲಕ್ಷ್ಮಿಯವರ 'ನಾ ನಿನ್ನ ಬಿಡಲಾರೆ' ಕನ್ನಡಿಗರನ್ನು ಬೆಚ್ಚಿಬೀಳಿಸಿತು. ಆದರೆ ಆ ಬೆಚ್ಚುವಿಕೆ ನೂರಾರು ಜನರದು. ಒಬ್ಬ ಕಿರುಚಿದರೆ ಇನ್ನೊಬ್ಬ ನಗುತ್ತಿದ್ದ. ಆ ನಗೆಯೇ ಧೈರ್ಯ. 'ಎ' ಪತ್ರವಿದ್ದ ಚಿತ್ರಕ್ಕಾದರೆ ಮಕ್ಕಳನ್ನು ಬಾಗಿಲಲ್ಲೇ ತಡೆಯಬೇಕೆಂಬ ಕಾನೂನೂ ಇತ್ತು.

ಎಂಬತ್ತರ ದಶಕದ ವಿಡಿಯೋ ಕ್ಯಾಸೆಟ್ಟಿನೊಂದಿಗೆ ಭೂತ ಮನೆಯೊಳಗೆ ಬಂತು. 1993ರಲ್ಲಿ ರಾಮ್ಸೆಯವರೇ 'ಜೀ ಹಾರರ್ ಶೋ' ತಂದರು. 2008ರಲ್ಲಿ ನಮ್ಮ ಸುದೀಪ್ ನಟಿಸಿದ ಹಿಂದಿ ಚಿತ್ರ 'ಫೂಂಕ್' ಬಂದಾಗ, ಅದನ್ನು ಚಿತ್ರಮಂದಿರದಲ್ಲಿ ಒಬ್ಬರೇ ಕುಳಿತು ನೋಡಿದವರಿಗೆ 5 ಲಕ್ಷ ರೂಪಾಯಿ ಬಹುಮಾನವೆಂದು ಸಾರಲಾಯಿತು. ಬೆಲೆ ಕಟ್ಟಿದ್ದು ಭೂತಕ್ಕಲ್ಲ, ಖಾಲಿ ಕುರ್ಚಿಗಳಿಗೆ!

ನಮ್ಮ ಹಿರಿಯರ ಭಯವೂ ಸಾಮೂಹಿಕವೇ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿದ್ದುದು ಹಲವರಿಗೆ ನೆನಪಿರಬಹುದು. ಮನೆಯವರ ದನಿಯಲ್ಲಿಯೇ ಕರೆಯುವ ದೆವ್ವವೆಂಬ ಪುಕಾರು ಅದು. ಅಂಜಿಕೆ ಓಣಿಗೆಲ್ಲ ಒಂದೇ, ಉಪಾಯವೂ ಒಂದೇ. ಮರುದಿನ ಕಟ್ಟೆಯ ಮೇಲೆ ಅದೇ ಮಾತು, ಅದೇ ನಗೆ.

ಇಂದು ತಂದೆ ಪಾಳಿಯಲ್ಲಿ, ತಾಯಿ ಆಫೀಸಿನಲ್ಲಿ. ಅಜ್ಜಿ ಇರುವುದು ಧಾರವಾಡದಲ್ಲೋ ಕಲಬುರಗಿಯಲ್ಲೋ. ಮಗು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮೊಬೈಲಿನಲ್ಲಿ ಒಂಟಿಯಾಗಿ ದೆವ್ವ ನೋಡುತ್ತದೆ. ಚಿತ್ರ ಮುಗಿದರೂ ಎದೆಬಡಿತ ಇಳಿಯುವುದಿಲ್ಲ. ಬೈದಾರೆಂದು ಯಾರಿಗೂ ಹೇಳುವುದಿಲ್ಲ. ದೀಪ ಆರಿಸಲು ಮಾತ್ರ ಒಪ್ಪುವುದಿಲ್ಲ.

ಮೊಬೈಲು ಕಸಿದುಕೊಂಡರೆ ಭಯ ಹೋಗದು. ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿರಿ. "ಯಾವುದಕ್ಕೆ ಹೆದರಿದಿ, ಕೂಸೇ?" ಎಂದು ನಮ್ಮ ಮಾತಿನಲ್ಲಿ ಕೇಳಿರಿ. ಹಿಂದಿಯಲ್ಲಿ ಹೆದರಿದ ಮಗು ಕನ್ನಡದಲ್ಲಿ ನಕ್ಕೀತು.