ಯಂತ್ರದ ಸಂಧಿಬಂಧನ

ಯಂತ್ರಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅವುಗಳ ದೊಡ್ಡ ಅಂಗಗಳ ಚರಿತ್ರೆಯನ್ನೇ ಬರೆದಿದ್ದಾರೆ. ಉಗಿಯ ಕೊಳವೆಗೆ, ಕೊಂತಕ್ಕೆ, ಚಕ್ರಕ್ಕೆ ಹೆಸರಿದೆ, ಕೀರ್ತಿಯಿದೆ. ಆದರೆ ಒಂದು ಅಂಗ ಇನ್ನೊಂದನ್ನು ಕೂಡುವ ಸ್ಥಳಕ್ಕೆ ಇತಿಹಾಸಕಾರರ ಕಣ್ಣು ಹರಿದದ್ದು ಅಪರೂಪ. ಯಂತ್ರ ಮುರಿಯುವುದಾದರೋ ಬಹುತೇಕ ಅಲ್ಲಿಯೇ. ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಕೈಯೂ ಮೊದಲು ಹೋಗುವುದು ಅಲ್ಲಿಗೇ.

ಮೋಟಾರು ಕಾರಿನಲ್ಲಿ ಸುಟ್ಟ ಅನಿಲವು ಎಂಜಿನ್ನಿನಿಂದ ಹೊರಬೀಳುವ ಕೂಡುಸ್ಥಳ ಅಂಥದೊಂದು. ಎರಡು ಲೋಹದ ಫ್ಲೇಂಜುಗಳು ಅಲ್ಲಿ ಮುಖಕ್ಕೆ ಮುಖವಿಟ್ಟು ಕುಳಿತಿರುತ್ತವೆ. ನಡುವೆ ಒಂದು ತೆಳು ಹಾಳೆ; ಅದೇ ಗ್ಯಾಸ್ಕೆಟ್. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದನ್ನು ಪ್ಯಾಕಿಂಗ್ ಎಂದೂ ಕರೆಯುತ್ತಾರೆ. ಎಲ್ಲವನ್ನೂ ಹಿಡಿದಿಡುವುದು ಎರಡೋ ಮೂರೋ ಬೋಲ್ಟುಗಳು. ಇಷ್ಟು ಅಲ್ಪವಾದ ವಸ್ತುವಿನಲ್ಲಿ ಚರಿತ್ರೆಗೆ ಏನು ಸಿಕ್ಕೀತು ಎಂದು ನೀವು ಕೇಳಬಹುದು. ಇನ್ನೂರೈವತ್ತು ವರ್ಷಗಳ ಕೈಗಾರಿಕೆಯ ಕಥೆ ಅದರಲ್ಲಿ ಮಡಿಸಿಟ್ಟಂತೆ ಇದೆ ಎಂಬುದು ನನ್ನ ನಂಬಿಕೆ.

ಬೆಳಗಾವಿಯಿಂದ ದಕ್ಷಿಣಕ್ಕೆ ಹೊರಡುವ ರಸ್ತೆಗೆ ಖಾನಾಪುರ ರಸ್ತೆಯೆಂದೇ ಹೆಸರು. ಅದು ಟಿಳಕವಾಡಿಯನ್ನು ದಾಟಿ ಉದ್ಯಮಬಾಗದ ಪಕ್ಕದಲ್ಲಿ ಹಾಯುತ್ತದೆ. ಎರಕದ ಕುಲುಮೆಗಳೂ ಲೇತುಗಳೂ ಸಾಲಾಗಿರುವ ಪ್ರದೇಶವದು. ಎಂಜಿನ್ನಿನ ಬಿಡಿಭಾಗಗಳಿಗೂ ಹೈಡ್ರಾಲಿಕ್ ಯಂತ್ರಗಳಿಗೂ ಬೆಳಗಾವಿಗೆ ದೇಶದಲ್ಲಿ ಹೆಸರು ತಂದ ಬೀದಿಗಳು ಇಲ್ಲಿವೆ. ರಸ್ತೆ ಮುಂದೆ ಖಾನಾಪುರವನ್ನು ಮುಟ್ಟಿ, ಕಾಡು ಹೊಕ್ಕು, ಲೋಂಡಾ, ಅನಮೋಡ ಘಟ್ಟಗಳ ಮೂಲಕ ಗೋವೆಗೆ ಇಳಿಯುತ್ತದೆ.

ಈ ರಸ್ತೆಯ ಆ ತುದಿಯಲ್ಲಿ, ಗೋವೆಯ ವೆರ್ಣಾದಲ್ಲಿ, 1990ರ ದಶಕದ ಕೊನೆಯಲ್ಲಿ ಎರಡೇ ಆಸನಗಳ ಒಂದು ಕ್ರೀಡಾ ಕಾರು ಹುಟ್ಟಿತು. ಅದರ ಹೆಸರು ಸ್ಯಾನ್ ಸ್ಟಾರ್ಮ್. ರೈಲು ಎಂಜಿನ್ನುಗಳನ್ನು ಮಾಡುತ್ತಿದ್ದ ಬೆಂಗಳೂರಿನ ಕಂಪನಿಯೊಂದರ ಸಾಹಸವದು. ಕಾರಿನ ಮೈ ಫೈಬರ್ ಗ್ಲಾಸಿನದು, ಎಂಜಿನ್ ಫ್ರಾನ್ಸಿನ ರೆನೊ ಸಂಸ್ಥೆಯ 1149 ಘನ ಸೆಂಟಿಮೀಟರಿನದು. ಇಂದು ಆ ಕಾರು ತಯಾರಾಗುವುದಿಲ್ಲ. ತಯಾರಿಕೆ ನಿಂತ ಕಾರಿನ ಆಯುಸ್ಸು ಅಲ್ಲಿಂದ ಮುಂದೆ ಕಾರ್ಖಾನೆಯ ಕೈಯಲ್ಲಿರುವುದಿಲ್ಲ. ಅದು ದುರಸ್ತಿಯ ಕೈಗೆ ಬರುತ್ತದೆ. ಸ್ಟಾರ್ಮ್ ಇರಲಿ, 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇರಲಿ, ಅದೇ ಹೆರಾಲ್ಡಿನ ಅಡಿಪಾಯದ ಮೇಲೆ ಇಂಗ್ಲೆಂಡಿನಲ್ಲಿ ಮೂಡಿದ ಟ್ರಯಂಫ್ ಸ್ಪಿಟ್‌ಫಯರ್ ಇರಲಿ, ಮಾತು ಒಂದೇ.

ಖಾನಾಪುರ ತಾಲೂಕಿನ ಮಳೆ ಪ್ರಸಿದ್ಧವಾದದ್ದು. ಮಲಪ್ರಭೆ ಹುಟ್ಟುವ ಕಣಕುಂಬಿ ಈ ತಾಲೂಕಿನಲ್ಲಿದೆ. ನೂರಾರು ಡಿಗ್ರಿ ಕಾದ ಕೊಳವೆಯ ಮೇಲೆ ರಸ್ತೆಯ ನೀರು ಚಿಮ್ಮಿದಾಗ ಬೋಲ್ಟಿಗೆ ತುಕ್ಕು ಹಿಡಿಯುವುದು ಸಹಜ. ಒಳಗಿನಿಂದಲೂ ನೀರಿನ ಕಾಟವಿದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಕಾರು ದೂರ ಓಡಿದರೆ ಅದು ಹಬೆಯಾಗಿ ಹೋಗುತ್ತದೆ. ಗಿಡ್ಡ ಓಡಾಟದಲ್ಲಿ ಕೊಳವೆಯೊಳಗೇ ತಂಗುತ್ತದೆ. ಇದರೊಡನೆ ಕಾವು ಮತ್ತು ತಂಪಿನ ಹಗ್ಗಜಗ್ಗಾಟ. ಅಲ್ಯುಮಿನಿಯಂ ಎರಕಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಎಂಜಿನ್ನಿನ ತಲೆ ಒಂದು ಲೋಹದ್ದು, ಕೊಳವೆ ಇನ್ನೊಂದರದು ಆದಾಗ ಪ್ರತಿ ಸವಾರಿಯಲ್ಲೂ ಅವು ಒಂದನ್ನೊಂದು ಎಳೆದಾಡುತ್ತವೆ. ನಡುವಿನ ಹಾಳೆ ಒಂದು ದಿನ ಸೋಲುತ್ತದೆ.

ಸೋತದ್ದರ ಕುರುಹು ಮುಂಜಾನೆ ಎಂಜಿನ್ ತಣ್ಣಗಿರುವಾಗ ಕೇಳುವ ಟಿಕ್ ಟಿಕ್ ಸದ್ದು. ಲೋಹ ಕಾದು ಹಿಗ್ಗಿ ಬಿರುಕು ಮುಚ್ಚಿಕೊಂಡಾಗ ಸದ್ದು ಅಡಗುತ್ತದೆ. ಮಾಲೀಕನು ನೆಮ್ಮದಿ ತಾಳುತ್ತಾನೆ. ಆ ನೆಮ್ಮದಿ ಅಪಾಯಕರವಾದದ್ದು. ಸೋರುವ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇದೆ. ಇಬ್ಬರು ಕೂಡುವ ಇಕ್ಕಟ್ಟಾದ ಕಾರಿನೊಳಗೆ ಅದು ನುಸುಳಿದರೆ ಪ್ರಾಣಕ್ಕೇ ಎರವಾಗಬಹುದು.

ಕಾದ ಪಾತ್ರೆಗಳ ಸಂದನ್ನು ಮುಚ್ಚುವ ವಿದ್ಯೆ ಮೋಟಾರಿಗಿಂತ ಎಷ್ಟೋ ಹಳೆಯದು. ನಮ್ಮ ರಸಶಾಸ್ತ್ರದಲ್ಲಿ ಅದಕ್ಕೆ ಸಂಧಿಬಂಧನವೆಂಬ ಸೊಗಸಾದ ಹೆಸರಿದೆ. ಔಷಧಿಯನ್ನು ಎರಡು ಮಣ್ಣಿನ ಶರಾವೆಗಳ ನಡುವೆ ಇಟ್ಟು, ಅವುಗಳ ಬಾಯಿ ಕೂಡಿದಲ್ಲಿ ಮಣ್ಣು ಮೆತ್ತಿದ ಬಟ್ಟೆಯನ್ನು ಸುತ್ತಿ ಪುಟಕ್ಕೆ ಇಡುತ್ತಿದ್ದರು. ಘಟ್ಟದ ಕೆಳಗೆ ಗೋಡಂಬಿಯ ಹಣ್ಣಿನಿಂದ ಫೆನಿ ಇಳಿಸುವ ಭಟ್ಟಿಗಳಲ್ಲಿಯೂ ಮಡಕೆಯ ಬಾಯಿಗೆ ಮಣ್ಣು ಮೆತ್ತುವ ರೂಢಿಯಿತ್ತು. ಖಾನಾಪುರವಂತೂ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆ ಅಲ್ಲಿ ನೆಲೆಯೂರಿದ್ದು ಆ ಕಾರಣದಿಂದಲೇ ಯೋಗ್ಯವಾಗಿದೆ.

ವ್ಯಾಕರಣ ಓದಿದವರಿಗೆ ಇಲ್ಲಿ ಇನ್ನೊಂದು ಸಂಧಿಯ ನೆನಪಾಗದೆ ಇರದು. ಎರಡು ಸ್ವರಗಳು ಎದುರಾದಾಗ ಕನ್ನಡವು ನಡುವೆ ಒಂದು ಯಕಾರವನ್ನೋ ವಕಾರವನ್ನೋ ತಂದಿಡುತ್ತದೆ. ಅದು ಆಗಮ. ಬಂದ ಅಕ್ಷರಕ್ಕೆ ತನ್ನದೆಂಬ ಅರ್ಥವಿಲ್ಲ. ಎರಡೂ ಕಡೆಯವರು ಕೆಡದಂತೆ ನಿಲ್ಲುವುದಷ್ಟೇ ಅದರ ಕೆಲಸ. ಗ್ಯಾಸ್ಕೆಟ್ಟೂ ಅಂಥ ಒಂದು ಆಗಮವೇ.

ಜೇಮ್ಸ್ ವಾಟ್ 1769ರಲ್ಲಿ ತನ್ನ ಉಗಿಯಂತ್ರಕ್ಕೆ ಪೇಟೆಂಟ್ ಪಡೆದಾಗ ಅವನನ್ನು ಕಾಡಿದ ದೊಡ್ಡ ಸಮಸ್ಯೆ ಸೋರಿಕೆಯದೇ ಆಗಿತ್ತು. ನಾರು, ಕೊಬ್ಬು ಮೊದಲಾದವುಗಳಿಂದ ಆ ಕಾಲದವರು ಸಂದುಗಳನ್ನು ಮುಚ್ಚಿದರು. ಉಗಿಯ ಒತ್ತಡ ಏರಿದಂತೆ ಇವು ಸುಟ್ಟುಹೋಗತೊಡಗಿದವು. ಆಗ ಕೈಗೆ ಬಂದದ್ದು ಕಲ್ನಾರು. ಕಲ್ಲೂ ಹೌದು, ನಾರೂ ಹೌದು. ನೂಲಿನಂತೆ ನೆಯ್ಯಬಹುದು, ಬೆಂಕಿಯಲ್ಲಿ ಸುಡದು. 1870ರ ದಶಕದಿಂದ ಕೆನಡಾದ ಕ್ವಿಬೆಕ್ಕಿನ ಗಣಿಗಳು ಅದನ್ನು ಹೇರಳವಾಗಿ ಒದಗಿಸಿದವು. 19ನೆಯ ಶತಮಾನದ ಕೊನೆಗೆ ಆಸ್ಟ್ರಿಯಾದ ರಿಚರ್ಡ್ ಕ್ಲಿಂಗರ್ ಕಲ್ನಾರನ್ನು ರಬ್ಬರಿನೊಡನೆ ಒತ್ತಿ ಹಾಳೆ ಮಾಡಿದನು. 20ನೆಯ ಶತಮಾನದ ಕಾರುಗಳ ಗ್ಯಾಸ್ಕೆಟ್ಟುಗಳಲ್ಲಿ ಬಹುಪಾಲು ಕಲ್ನಾರಿನ ಸಂತತಿಯೇ.

ಇನ್ನು ಬೋಲ್ಟಿನ ಕಥೆ. 1841ರವರೆಗೆ ಇಂಗ್ಲೆಂಡಿನ ಪ್ರತಿಯೊಂದು ಕಾರ್ಖಾನೆಯೂ ತನಗೆ ತೋಚಿದಂತೆ ತಿರುಪಿನ ಎಳೆ ಕೊರೆಯುತ್ತಿತ್ತು. ಆ ವರ್ಷ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ಒಂದೇ ಮಾದರಿಯನ್ನು ಸೂಚಿಸಿದನು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯೇ ಸರಿಯೆಂದನು. ಐದು ಡಿಗ್ರಿಗಳ ಈ ಭಿನ್ನಾಭಿಪ್ರಾಯದ ಬೆಲೆ ಎರಡನೆಯ ಮಹಾಯುದ್ಧದಲ್ಲಿ ತಿಳಿಯಿತು. ಒಂದೇ ಪಕ್ಷದ ಎರಡು ಸೈನ್ಯಗಳ ನಟ್ಟುಬೋಲ್ಟುಗಳು ಪರಸ್ಪರ ಕೂಡಲಿಲ್ಲ. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಒಂದು ಒಪ್ಪಂದಕ್ಕೆ ಬಂದವು. ಭಾರತ 1956ರ ಶಾಸನದಿಂದ ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿತು.

ಶಾಸನ ಬದಲಾದರೂ ಹಳೆಯ ಕಾರಿನ ಬೋಲ್ಟು ಬದಲಾಗಲಿಲ್ಲ. ಆದ್ದರಿಂದ ಬೆಳಗಾವಿಯ ಹಳೆಯ ಮೇಸ್ತ್ರಿಯ ಪಾನಾಗಳ ಡಬ್ಬಿಯಲ್ಲಿ ಸಾಮ್ರಾಜ್ಯಗಳು ಒಂದರ ಮೇಲೊಂದು ಮಲಗಿರುತ್ತವೆ. ಅವನ ಬಾಯಲ್ಲಿ ಇಂಚಿನ ಎಂಟನೆಯ ಒಂದು ಭಾಗಕ್ಕೆ ಇನ್ನೂ ಸೂತವೆಂದೇ ಹೆಸರು. ಅರ್ಧ ಇಂಚೆಂದರೆ 12.7 ಮಿಲಿಮೀಟರು. ಅದಕ್ಕೆ 13ರ ಪಾನಾ ಹಾಕಿದರೆ ಉಳಿಯುವುದು 0.3 ಮಿಲಿಮೀಟರಿನ ಸಡಿಲ. ತುಕ್ಕು ಹಿಡಿದ ಬೋಲ್ಟಿನ ಮೂಲೆ ಸವೆದು ಗುಂಡಾಗುವುದಕ್ಕೆ ಅಷ್ಟು ಸಾಕು. 5/16 ಇಂಚಿನ ಬೋಲ್ಟೂ 8 ಮಿಲಿಮೀಟರಿನದೂ ಕಣ್ಣಿಗೆ ಒಂದೇ. ಆದರೆ ಎಳೆಗಳ ಎಣಿಕೆ ಬೇರೆ. ಒತ್ತಾಯದಿಂದ ತಿರುಗಿಸಿದರೆ ಎಂಜಿನ್ನಿನ ತಲೆಯ ಎಳೆಯೇ ಕಿತ್ತುಬರುತ್ತದೆ.

ಈ ಕೆಲಸದಲ್ಲಿ ಉಸ್ತಾದನು ಹುಡುಗನಿಗೆ ಕಲಿಸುವ ಮೊದಲ ಪಾಠ ತಾಳ್ಮೆಯದು. "ಜೋರ್ ಮಾಡಬ್ಯಾಡೋ, ಎಣ್ಣಿ ಬಿಟ್ಟು ತಡಿ" ಎನ್ನುವುದು ಗ್ಯಾರೇಜಿನ ಸೂತ್ರ. ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿ, ಎಣ್ಣೆ ಇಳಿಸಿ, ರಾತ್ರಿಯೆಲ್ಲ ಬಿಡಬೇಕು. ಜಗ್ಗದಿದ್ದರೆ ನಟ್ಟನ್ನು ಗ್ಯಾಸಿನ ಉರಿಯಿಂದ ಕಾಯಿಸಬೇಕು. ಒಂದು ಕಾಲು ಸುತ್ತು ಹಿಂದೆ, ಅಷ್ಟೇ ಮುಂದೆ ಎಂದು ಪುಸಲಾಯಿಸಬೇಕು. ಹೀಗಿದ್ದೂ ಸ್ಟಡ್ ಮುರಿದರೆ ಉಳಿದ ಮೊಟಕಿಗೆ ಹೊಸ ನಟ್ಟೊಂದನ್ನು ವೆಲ್ಡ್ ಮಾಡಿ ತಿರುಗಿಸಿ ತೆಗೆಯುತ್ತಾರೆ. ಆ ಕಾವಿಗೆ ತುಕ್ಕಿನ ಹಿಡಿತವೂ ಬಿಡುತ್ತದೆ. ಫ್ಲೇಂಜಿನ ಮುಖ ಡೊಂಕಾಗಿದ್ದರೆ ಅದನ್ನು ಉದ್ಯಮಬಾಗದಂಥ ಕಡೆ ಒಯ್ದು ಸಮತಟ್ಟು ಮಾಡಿಸಬೇಕು. ಸಿದ್ಧ ಗ್ಯಾಸ್ಕೆಟ್ ಸಿಗದಿದ್ದರೆ ಹಾಳೆಯನ್ನು ಫ್ಲೇಂಜಿನ ಮೇಲೆಯೇ ಹಾಸಿ, ಅಂಚಿನ ಗುಂಟ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಆಕಾರ ಬಿಡಿಸುತ್ತಾರೆ. ಹಿತ್ತಾಳೆಯ ನಟ್ಟನ್ನು ಬಳಸುವುದು ಜಾಣತನ. ಅದು ಉಕ್ಕಿನ ಸ್ಟಡ್ಡಿಗೆ ತುಕ್ಕಿನಿಂದ ಕಚ್ಚಿಕೊಳ್ಳುವುದಿಲ್ಲ. ಬಿಗಿಯುವುದು ಒಮ್ಮೆಗೇ ಅಲ್ಲ, ಹಂತಹಂತವಾಗಿ, ನಡುವಿನಿಂದ ಅಂಚಿಗೆ. ಎಂಜಿನ್ ಒಮ್ಮೆ ಕಾದು ತಣಿದ ಮೇಲೆ ಬಿಗಿಯನ್ನು ಮತ್ತೊಮ್ಮೆ ನೋಡಬೇಕು. ಒಮ್ಮೆ ನಜ್ಜಿದ ಗ್ಯಾಸ್ಕೆಟ್ಟನ್ನು ಎರಡನೆಯ ಸಲ ಹಾಕಲಾಗದು.

ಈ ಸರಣಿಯಲ್ಲಿ ಒಂದು ಚಿಕ್ಕ ಕೆಲಸವನ್ನು ನಾನು ಬೇಕೆಂದೇ ಹಿಂದೆ ಉಳಿಸಿದ್ದೇನೆ. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳು ಲೋಹಕ್ಕೆ ಅಂಟಿರುತ್ತವೆ. ಅವುಗಳನ್ನು ಹುಡುಗನು ಕೆರೆಯುತ್ತಾನೆ. ಕೆರೆದ ಪುಡಿಯನ್ನು ಬಾಯಿಂದ ಊದುತ್ತಾನೆ. ಕಲ್ನಾರಿನ ಕಥೆಯ ಎರಡನೆಯ ಅಧ್ಯಾಯ ಇಲ್ಲಿ ಆರಂಭವಾಗುತ್ತದೆ. ಕಣ್ಣಿಗೆ ಕಾಣದ ಆ ನಾರು ಶ್ವಾಸಕೋಶವನ್ನು ಹೊಕ್ಕರೆ ಕರಗುವುದಿಲ್ಲ. ರೋಗ ಹೊರಬೀಳಲು ಎರಡು, ಮೂರು, ನಾಲ್ಕು ದಶಕಗಳಾದರೂ ಹಿಡಿಯಬಹುದು. ಕಾರ್ಖಾನೆಗಳ ಕಲ್ನಾರಿನ ಧೂಳು ಕೆಲಸಗಾರರ ಪುಪ್ಪುಸವನ್ನು ಕೆಡಿಸುತ್ತದೆಂದು ಬ್ರಿಟನ್ನಿನಲ್ಲಿ 1930ರ ವರದಿಯೇ ಹೇಳಿತ್ತು. 1960ರಲ್ಲಿ ದಕ್ಷಿಣ ಆಫ್ರಿಕದ ವಾಗ್ನರ್ ಮತ್ತು ಸಂಗಡಿಗರು ಪುಪ್ಪುಸದ ಪೊರೆಯ ಅರ್ಬುದಕ್ಕೂ ಕಲ್ನಾರಿಗೂ ಇರುವ ಸಂಬಂಧವನ್ನು ತೋರಿಸಿದರು. ಬ್ರಿಟನ್ 1999ರಲ್ಲಿ ಬಿಳಿಯ ಕಲ್ನಾರನ್ನೂ ನಿಷೇಧಿಸಿತು. ಅಮೆರಿಕ 2024ರಲ್ಲಿ ಹೊರಡಿಸಿದ ನಿಯಮದಲ್ಲಿ ಗ್ಯಾಸ್ಕೆಟ್ಟುಗಳೂ ಸೇರಿವೆ. ನಮ್ಮ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಕಾರ್ಮಿಕರ ಮೊಕದ್ದಮೆಯಲ್ಲಿ, ಕೆಲಸಗಾರನ ಆರೋಗ್ಯವು ಅವನ ಬದುಕುವ ಹಕ್ಕಿನ ಭಾಗವೆಂದು 1995ರಲ್ಲಿ ತೀರ್ಪಿತ್ತಿತು. ಆದರೂ ನಮ್ಮಲ್ಲಿ ಕಲ್ನಾರಿನ ಬಳಕೆ ಸಂಪೂರ್ಣವಾಗಿ ನಿಂತಿಲ್ಲ.

ಕಾರ್ಖಾನೆಯ ಕಾರ್ಮಿಕನಿಗೆ ಹಾಜರಿ ಪುಸ್ತಕವಿದೆ, ಸಂಘವಿದೆ. ಮೊಕದ್ದಮೆ ಹೂಡಲು ಒಂದು ದಾರಿಯಿದೆ. ಗ್ಯಾರೇಜಿನ ಹುಡುಗನಿಗೆ ಅದಾವುದೂ ಇಲ್ಲ. ಇಪ್ಪತ್ತರ ಹರೆಯದಲ್ಲಿ ಊದಿದ ಪುಡಿಯ ಲೆಕ್ಕವನ್ನು ಐವತ್ತರಲ್ಲಿ ಕೆಮ್ಮುವಾಗ ಯಾರು ತೆಗೆದಾರು? ಪರಿಹಾರವಾದರೋ ದುಬಾರಿಯಲ್ಲ. ಕಲ್ನಾರಿಲ್ಲದ ಗ್ರಾಫೈಟಿನ ಹಾಳೆಗಳೂ ಉಕ್ಕಿನ ಪದರಗಳ ಗ್ಯಾಸ್ಕೆಟ್ಟುಗಳೂ ಈಗ ಇವೆ. ಹಳೆಯದನ್ನು ತೆಗೆಯುವಾಗ ಒಣಗಿದ್ದಂತೆಯೇ ಕೆರೆಯದೆ ನೀರು ಹನಿಸಿ ತೋಯಿಸಬೇಕು, ಒದ್ದೆ ಬಟ್ಟೆಯಿಂದ ಒರಸಬೇಕು. ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬಾರದು. ಉಜ್ಜಿ ಹಾರಿಸುವ ಯಂತ್ರದ ಬ್ರಷ್ಷೂ ಬೇಡ. ತೆಗೆದ ಚೂರನ್ನು ಒದ್ದೆಯಿರುವಾಗಲೇ ಚೀಲದಲ್ಲಿ ಕಟ್ಟಿಡಬೇಕು. ಹಳೆಯ ಕಾರನ್ನು ಅಕ್ಕರೆಯಿಂದ ಉಳಿಸಿಕೊಂಡ ಮಾಲೀಕನು ದುರಸ್ತಿಗೆ ಬಿಡುವಾಗ ಈ ಮಾತನ್ನು ಆಡಿಹೋಗುವುದು ಅವನ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ವಾಟನ ಹೆಸರೂ ವಿಟ್‌ವರ್ತನ ಹೆಸರೂ ಗ್ರಂಥಗಳಲ್ಲಿವೆ. ಅವರು ಬೆಸೆದ ಸಂದುಗಳನ್ನು ಖಾನಾಪುರ ರಸ್ತೆಯ ಬದಿಯಲ್ಲಿ ಮಳೆಗಾಲವೂ ಬಿಡದೆ ಕಾಯುವವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಅವರ ಹೆಸರನ್ನು ಚರಿತ್ರೆಗೆ ಸೇರಿಸುವುದು ಮುಂದಿನ ಮಾತು. ಅವರ ಉಸಿರನ್ನು ಉಳಿಸುವುದು ಇಂದಿನ ಕೆಲಸ.