ಕಾಯಿಪಲ್ಯದ ತೋಟ: ಒಂದು ಚಾರಿತ್ರಿಕ ವಿಚಾರ

ಫಾಲ್ಗುಣವು ಕಳೆದು ಚೈತ್ರವು ಕಾಲಿಡುತ್ತಲೇ ಬೇವು ಚಿಗುರುವುದು, ಮಾವು ಕಾಯಿಗಟ್ಟುವುದು. ಸುಗ್ಗಿಯನ್ನು ಮುಗಿಸಿದ ಎರೆಹೊಲಗಳು ಮುಂಗಾರಿನ ವರೆಗೆ ಬರಿದಾಗಿರುವುವು. ಆದರೆ ಬಾವಿಯ ಬದಿಯ ತೋಟಕ್ಕೆ ವಿಶ್ರಾಂತಿಯಿಲ್ಲ. ಸೋರೆ, ಹೀರೆ, ಬದನೆಗಳಿಗಾಗಿ ನೆಲವನ್ನು ಹದಗೊಳಿಸುವ ಕಾಲವದು. ಶ್ರೀಮಠದ ದಾಸೋಹಕ್ಕೆ ಭಕ್ತರು ಹೊತ್ತು ತರುವ ಕಾಯಿಪಲ್ಯದ ಬುಟ್ಟಿಯನ್ನು ಕಾಣದವರು ನಮ್ಮಲ್ಲಿಲ್ಲ. ಆ ಬುಟ್ಟಿಯೊಳಗೆ ಒಂದು ದೊಡ್ಡ ಚರಿತ್ರೆಯೇ ಅಡಗಿರುವುದೆಂಬುದನ್ನು ಬಲ್ಲವರು ಮಾತ್ರ ವಿರಳ. ಅದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ತೋಟಗಾರಿಕೆಯ ವಿದ್ಯೆಯು ಕನ್ನಡನಾಡಿಗೆ ಹೊಸತಲ್ಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ಅಂತರ್ಜಲವನ್ನು ಕಂಡುಹಿಡಿಯುವ ಬಗೆ, ವೃಕ್ಷಾಯುರ್ವೇದ, ಪಾಕಶಾಸ್ತ್ರ ಇವೆಲ್ಲವೂ ಒಂದೆಡೆ ನಿರೂಪಿತವಾಗಿವೆ. ನೀರು, ಗಿಡ, ಅಡಿಗೆ ಎಂಬೀ ಮೂರೂ ಒಂದೇ ಸರಪಣಿಯ ಕೊಂಡಿಗಳೆಂಬುದನ್ನು ನಮ್ಮ ಪೂರ್ವಿಕರು ಅರಿತಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ಉದ್ಯಾನವಿಚಾರ, ಭೋಜನವಿಚಾರಗಳಿವೆ. ಸುಮಾರು 1508ರಲ್ಲಿ ಮೂರನೆಯ ಮಂಗರಸನು ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆಯ ಪಾಕಗಳಿಗೆ ವಿಶೇಷ ಸ್ಥಾನವುಂಟು.

ಆದರೆ ಇಂದು ಯಾವುದಿಲ್ಲದೆ ನಮಗೆ ತುತ್ತು ಇಳಿಯದೋ ಆ ಮೆಣಸಿನಕಾಯಿಯು ಆ ಕಾಲದ ಪಾಕಶಾಲೆಯಲ್ಲಿರಲಿಲ್ಲ. ಖಾರಕ್ಕೆ ಕರಿಮೆಣಸೇ ಆಧಾರವಾಗಿತ್ತು. ಕೊಲಂಬಸನು 1492ರಲ್ಲಿ ಅಮೆರಿಕದ ಕಡೆಯ ದ್ವೀಪಗಳನ್ನು ಮುಟ್ಟಿದನು; ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದನು; 1510ರಲ್ಲಿ ಗೋವೆಯು ಪೋರ್ತುಗೀಜರ ವಶವಾಯಿತು. ಅನಂತರವೇ ಮೆಣಸಿನಕಾಯಿ, ಆಲೂಗಡ್ಡೆ, ಟೊಮಾಟೊ, ಸಿಹಿಗುಂಬಳಗಳು ಅಮೆರಿಕ ಖಂಡದಿಂದ ಹೊರಟು ಕ್ರಮವಾಗಿ ನಮ್ಮ ಪಾತಿಗಳನ್ನು ಸೇರಿದುವು.

ಇದಕ್ಕೆ ನಮ್ಮ ನುಡಿಯೇ ಸಾಕ್ಷಿ. ಮೆಣಸಿನಂತೆ ಖಾರವಾದ ಕಾಯಿಯೇ ಮೆಣಸಿನಕಾಯಿ. ಪರಂಗಿಯವರ ಕಾಲದಲ್ಲಿ ಬಂದುದು ಪರಂಗಿಹಣ್ಣು. ಹೊರಸೀಮೆಯಿಂದ ಬಂದುದು ಸೀಮೆಬದನೆ. ಪೋರ್ತುಗೀಜರ ಮಾತೇ ಆಲೂಗಡ್ಡೆಗೆ ಬಟಾಟೆಯೆಂಬ ಹೆಸರಾಗಿ ನಿಂತಿತು. ಅತಿಥಿಗೆ ಮನೆಯವರು ತಮಗೆ ತೋಚಿದ ಹೆಸರಿಟ್ಟು ಕರೆದಂತೆ ಇದೆಲ್ಲವೂ ನಡೆಯಿತು.

ಗಿಡಗಳು ಹೊಸವಾದರೂ ಅವುಗಳನ್ನು ಬರಮಾಡಿಕೊಂಡ ಕ್ರಮವು ಹಳೆಯದೇ. ಮೊದಲು ನೆಲವನ್ನು ಅಗೆದು ಹೆಂಟೆಗಳನ್ನು ಬಿಸಿಲಿಗೆ ಬಿಡುವರು. ಇದರಿಂದ ಕಳೆಯ ಬೇರು ಒಣಗಿ ಹುಳುಗಳು ನಾಶವಾಗುವುವು. ಬಳ್ಳಿಯ ಜಾತಿಗೆ ಮೊಳದಗಲದ ಗುಂಡಿ ತೋಡಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಮಣ್ಣಿನೊಡನೆ ಬೆರೆಸಿ ತುಂಬುವರು. ಹಸಿಗೊಬ್ಬರವು ಎಳೆಯ ಬೇರನ್ನು ಸುಡುವುದರಿಂದ ವರ್ಜ್ಯವು. ಗುಂಡಿಗೆ ನಾಲ್ಕು ಬೀಜವನ್ನೂರಿ, ಮೊಳೆತ ಮೇಲೆ ಬಲಿಷ್ಠವಾದ ಎರಡನ್ನು ಉಳಿಸತಕ್ಕದ್ದು. ಬದನೆ, ಮೆಣಸಿನಕಾಯಿಗಳನ್ನು ಮಡಿಯಲ್ಲಿ ಅಗೆ ಹಾಕಿ, ಬಿಸಿಲು ಇಳಿದ ಸಂಜೆಯಲ್ಲಿ ಕಿತ್ತು ನೆಡತಕ್ಕದ್ದು. ಹಿಂದೆ ಎತ್ತುಗಳು ಕಪಿಲೆಯನ್ನೆಳೆದು ನೀರುಣಿಸುತ್ತಿದ್ದುವು. ಈಗ ಆ ಕೆಲಸವನ್ನು ಯಂತ್ರವು ಮಾಡುತ್ತಿದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಬೀಜರಕ್ಷಣೆಯು. ನಮ್ಮ ಬಾಲ್ಯದಲ್ಲಿ ಮನೆಯ ಹಿರಿಯ ತಾಯಂದಿರು ಮೊದಲ ಫಲಗಳಲ್ಲಿ ಉತ್ತಮವಾದುದನ್ನು ಗಿಡದಲ್ಲಿಯೇ ಹಣ್ಣಾಗಲು ಬಿಡುತ್ತಿದ್ದರು. ಸೌತೆಯ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುತ್ತಿದ್ದರು. ಬಲಿತ ಸೋರೆಯನ್ನು ಅಡಿಗೆಮನೆಯ ತೊಲೆಗೆ ತೂಗುಹಾಕುತ್ತಿದ್ದರು. ಮಕ್ಕಳು ಹಸಿದು ಕೇಳಿದರೂ ಬೀಜದ ಕಾಯಿಯನ್ನು ಮುಟ್ಟಗೊಡುತ್ತಿರಲಿಲ್ಲ.

ಈ ನಿಷ್ಠೆಯ ಫಲವನ್ನು ನೋಡಿರಿ. ಕಡಲಾಚೆಯಿಂದ ಬಂದ ಮೆಣಸಿನಕಾಯಿಯು ಹಾವೇರಿಯ ಸೀಮೆಯಲ್ಲಿ ತಲೆತಲಾಂತರವಾಗಿ ಆಯ್ದು ಬೆಳೆಯಲ್ಪಟ್ಟು ಬ್ಯಾಡಗಿಯ ಹೆಸರನ್ನೇ ಪಡೆಯಿತು. ಬ್ಯಾಡಗಿ ಮೆಣಸಿನಕಾಯಿಗೂ ಉಡುಪಿಯ ಕಡೆಯ ಮಟ್ಟುಗುಳ್ಳವೆಂಬ ಬದನೆಗೂ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು. ಒಂದು ಪರದೇಶದ ಅತಿಥಿ, ಇನ್ನೊಂದು ಈ ದೇಶದ ಸಂತಾನ. ಎರಡಕ್ಕೂ ಒಂದೇ ಗೌರವ. ಯಾವುದು ನಮ್ಮದೆಂಬುದು ಹುಟ್ಟಿನಿಂದ ನಿರ್ಣಯವಾಗದೆ ಪಾಲನೆಯಿಂದ ನಿರ್ಣಯವಾಗುವುದೆಂಬ ತತ್ತ್ವವು ಶರಣರ ಮಕ್ಕಳಾದ ನಮಗೆ ಅಪರಿಚಿತವಲ್ಲವಷ್ಟೆ.

ಈಗಲಾದರೋ ಪೇಟೆಯ ಸಂಕರಬೀಜವು ಹಳ್ಳಿಹಳ್ಳಿಗೂ ವ್ಯಾಪಿಸಿದೆ. ಅದರ ಇಳುವರಿಯು ಹೆಚ್ಚೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದರ ಕಾಯಿಯಿಂದ ತೆಗೆದ ಬೀಜವು ತಾಯಿಯ ಗುಣವನ್ನು ಹಾಗೆಯೇ ಉಳಿಸಿಕೊಳ್ಳದು. ವರ್ಷವರ್ಷವೂ ಹೊಸದನ್ನು ಕೊಳ್ಳಲೇಬೇಕು. ತೊಲೆಯ ಸೋರೆಯು ಮರೆಯಾದ ಮನೆಯಲ್ಲಿ ತಲೆಮಾರುಗಳ ವಿದ್ಯೆಯೂ ಮರೆಯಾಗುವುದು. ರಾಜರ ವಂಶಗಳು ಅಳಿದರೂ ಅವರ ಶಾಸನಗಳು ಕಲ್ಲಿನಲ್ಲಿ ಉಳಿದಿವೆ. ಬೀಜದ ವಂಶಕ್ಕೆ ಕಲ್ಲಿನ ಶಾಸನವಿಲ್ಲ. ಬಿತ್ತುವ ಕೈಯೇ ಅದರ ಶಾಸನವು.

ಆದುದರಿಂದ ಭಕ್ತಮಹಾಶಯರು ಯುಗಾದಿಯ ಬೇವುಬೆಲ್ಲವನ್ನು ಸ್ವೀಕರಿಸಿದ ದಿನವೇ ಹಿತ್ತಿಲಲ್ಲಿ ಒಂದು ಗುಂಡಿಯನ್ನಾದರೂ ಮನೆಯ ಬೀಜಕ್ಕಾಗಿ ಮೀಸಲಿಡಲಿ. ಬಂದ ಫಲದಲ್ಲಿ ಒಂದು ದಾಸೋಹಕ್ಕೆ, ಒಂದು ಮನೆಗೆ, ಒಂದು ಮುಂದಿನ ಚೈತ್ರಕ್ಕೆ ಸಲ್ಲಲಿ.